ಬಾಡಿಗೆ ಕಾರಿನ ಎಕ್ಸೆಸ್ ವಿಮೆ

ಹೊರದೇಶದಲ್ಲಿ ಕಾರು ಬಾಡಿಗೆಗೆ ಪಡೆದು ತಾವೇ ಓಡಿಸುವವರು, ಆ ಕಾರಿಗೆ ಏಟು ಬಿದ್ದಾಗ ಅಥವಾ ಅದು ಕಳುವಾದಾಗ ಕೈಯಿಂದ ತೆರಬೇಕಾದ ಮೊತ್ತವನ್ನು ಮರಳಿ ಪಡೆಯಲು, ಬಾಡಿಗೆ ಕಂಪನಿಗೆ ಸಂಬಂಧವಿಲ್ಲದ ವಿಮಾ ಸಂಸ್ಥೆಯಿಂದ ಕೊಳ್ಳುವ ಪಾಲಿಸಿ. ಗ್ರಾಹಕನ ತಲೆಯ ಮೇಲೆ ಉಳಿಯುವ ಈ ಪಾಲನ್ನು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಎಕ್ಸೆಸ್ ಎನ್ನುತ್ತಾರೆ. ಅಮೆರಿಕ ಮತ್ತು ಭಾರತದಲ್ಲಿ ಡಿಡಕ್ಟಿಬಲ್. ಫ್ರಾನ್ಸಿನ ಕರಾರುಪತ್ರದಲ್ಲಿ ಅದು ಫ್ರಾಂಶೀಸ್ ಎಂಬ ಸಾಲಿನ ಮುಂದೆ, ಸ್ಪೇನಿನದರಲ್ಲಿ ಫ್ರಾಂಕೀಸಿಯಾ ಎಂಬುದರ ಮುಂದೆ ಇರುತ್ತದೆ. ಇದೇ ಹೊರೆಯನ್ನು ಇಳಿಸುವ ಇನ್ನೊಂದು ಸೌಲಭ್ಯವನ್ನು ಬಾಡಿಗೆ ಕಂಪನಿ ತನ್ನ ಕೌಂಟರಿನಲ್ಲೇ ಮಾರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಕಾನೂನಿನ ಕಣ್ಣಿಗೆ ಅವು ಬೇರೆ, ಬೆಲೆಯಲ್ಲಿ ಬೇರೆ, ದುಡ್ಡು ಯಾರ ಜೇಬಿನಿಂದ ಯಾವಾಗ ಹೊರಡುತ್ತದೆ ಎಂಬ ವಿಚಾರದಲ್ಲಂತೂ ತೀರ ಬೇರೆ.

ಎಕ್ಸೆಸ್ ಎಲ್ಲಿಂದ ಬಂತು

ಬಾಡಿಗೆ ಕಾರಿಗೆ ಎರಡು ಬಗೆಯ ರಕ್ಷಣೆ ಬೇಕು. ಒಂದು ಥರ್ಡ್ ಪಾರ್ಟಿ ವಿಮೆ, ಅಂದರೆ ರಸ್ತೆಯಲ್ಲಿ ಇತರರಿಗೆ, ಇತರರ ಸೊತ್ತಿಗೆ ಆಗುವ ಹಾನಿಯದು. ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯ್ದೆ ಸಾವು, ಗಾಯಗಳ ಮಟ್ಟಿಗೆ ಇದನ್ನು ಕಡ್ಡಾಯ ಮಾಡಿತು. ಐರೋಪ್ಯ ಸಮುದಾಯದ ದೇಶಗಳಲ್ಲಿ 1972ರ ಮೋಟಾರು ವಿಮಾ ನಿರ್ದೇಶನದಿಂದ ಇದು ಎಲ್ಲೆಡೆ ನೆಲೆಯಾಯಿತು. ಹಾಗಾಗಿ ಯುರೋಪಿನಲ್ಲಿ ಇದು ಬಾಡಿಗೆಯೊಳಗೇ ಸೇರಿರುತ್ತದೆ. ಇನ್ನೊಂದು, ಬಾಡಿಗೆ ಪಡೆದ ಕಾರಿಗೇ ಆಗುವ ಹಾನಿಯದು. ತೊಡಕು ಶುರುವಾಗುವುದು ಇಲ್ಲಿ.

ದೊಡ್ಡ ಬಾಡಿಗೆ ಕಂಪನಿಗಳು ತಮ್ಮ ಸಾವಿರಾರು ಕಾರುಗಳ ಗೀರು, ನೆಗ್ಗುಗಳಿಗೆಂದು ಹೊರಗಿನ ವಿಮೆಯನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲ. ನಷ್ಟವನ್ನು ತಾವೇ ಹೊತ್ತು, ಗ್ರಾಹಕನಿಂದ ವಸೂಲು ಮಾಡುವ ಹಕ್ಕನ್ನು ಕರಾರಿನಲ್ಲಿ ಇಟ್ಟುಕೊಳ್ಳುತ್ತವೆ. ಆ ಹಕ್ಕನ್ನು ಒಂದು ಮಿತಿಯಿಂದಾಚೆಗೆ ಚಲಾಯಿಸುವುದಿಲ್ಲ ಎಂದು ಕೊಡುವ ಮಾತೇ ಕೊಲಿಷನ್ ಡ್ಯಾಮೇಜ್ ವೇವರ್, ಬಳಕೆಯಲ್ಲಿ ಸಿ.ಡಿ.ಡಬ್ಲ್ಯು. ಕಳವಿಗೆ ಥೆಫ್ಟ್ ಪ್ರೊಟೆಕ್ಷನ್ ಎಂಬ ಅದರ ಜೋಡಿ ಇದೆ. ಅಮೆರಿಕದಲ್ಲಿ ಎರಡನ್ನೂ ಒಟ್ಟುಗೂಡಿಸಿ ಎಲ್.ಡಿ.ಡಬ್ಲ್ಯು. ಎನ್ನುತ್ತಾರೆ. ಸಿ.ಡಿ.ಡಬ್ಲ್ಯು.ವನ್ನು ಎಲ್ಲರೂ ಇನ್ಶೂರೆನ್ಸ್ ಎಂದೇ ಕರೆದರೂ ಅದು ವಿಮೆಯಲ್ಲ, ಸಾಲಗಾರನಿಗೆ ಧಣಿ ಕೊಡುವ ಷರತ್ತಿನ ಮನ್ನಾ. ಷರತ್ತು ಮುರಿದರೆ ಮನ್ನಾವೂ ಮುರಿಯಿತು. ಮನ್ನಾ ಆಗದೆ ಉಳಿಯುವ ಮೊದಲ ಭಾಗವೇ ಎಕ್ಸೆಸ್.

ಕಾರು ಬಾಡಿಗೆ ವ್ಯವಹಾರ ಹೆಚ್ಚುಕಡಿಮೆ ಕಾರಿನಷ್ಟೇ ಹಳೆಯದು. ಮ್ಯೂನಿಕ್‌ನಲ್ಲಿ ಮಾರ್ಟಿನ್ ಸಿಕ್ಸ್ಟ್ 1912ರಲ್ಲಿ ಮೂರು ಕಾರುಗಳೊಂದಿಗೆ ಅಂಗಡಿ ತೆರೆದ. ನೆಬ್ರಾಸ್ಕದ ಒಮಾಹಾದಲ್ಲಿ ಜೋ ಸಾಂಡರ್ಸ್ 1916ರಲ್ಲಿ ಒಂದು ಫೋರ್ಡ್ ಮಾಡೆಲ್ ಟಿ ಕಾರಿನ ಮುಂಚಕ್ರಕ್ಕೆ ಮೀಟರು ಕಟ್ಟಿ ಮೈಲಿಗೆ ಹತ್ತು ಸೆಂಟ್ ವಸೂಲು ಮಾಡಿದ. ಶಿಕಾಗೊದ ವಾಲ್ಟರ್ ಜೇಕಬ್ಸ್ 1918ರಲ್ಲಿ ಆರಂಭಿಸಿದ ವ್ಯಾಪಾರವನ್ನು ಜಾನ್ ಹರ್ಟ್ಸ್ 1923ರಲ್ಲಿ ಕೊಂಡ. ಅಲ್ಲಿಯವರೆಗೂ ಕಾರು ಪಡೆಯುವವನು ಬಹುಮಟ್ಟಿಗೆ ಊರಿನವನೇ, ಕೈಗೆ ಸಿಗುವವನೇ. ವಾರೆನ್ ಏವಿಸ್ 1946ರಲ್ಲಿ ಮಿಶಿಗನ್ನಿನ ವಿಲೋ ರನ್ ವಿಮಾನ ನಿಲ್ದಾಣದಲ್ಲಿ ಕೌಂಟರು ಹಾಕಿದ ಮೇಲೆ ಗ್ರಾಹಕನ ಚಹರೆ ಬದಲಾಯಿತು. ಅವನು ಆಕಾಶದಿಂದ ಇಳಿದ ಅಪರಿಚಿತ, ನಾಳಿದ್ದು ಮತ್ತೆ ಹಾರಿಹೋಗುವವನು. ಅವನಿಂದ ವಸೂಲಿ ಆಗುವುದಿದ್ದರೆ ಅವನು ಹೊರಡುವ ಮೊದಲೇ ಆಗಬೇಕು. ಕ್ರೆಡಿಟ್ ಕಾರ್ಡಿನ ಮೇಲೆ ಹಣ ಹಿಡಿದಿಡುವ ಪದ್ಧತಿಗೂ ಎಕ್ಸೆಸ್‌ಗೂ ನಂಟು ಬೆಳೆದದ್ದು ಈ ಅಂಜಿಕೆಯಿಂದ.

ಎಕ್ಸೆಸ್‌ಗೆ ವಿಮಾಶಾಸ್ತ್ರದಲ್ಲಿ ಒಪ್ಪತಕ್ಕ ಕಾರಣಗಳಿವೆ. ಚಿಲ್ಲರೆ ಕ್ಲೇಮುಗಳ ಕಾಗದ ಓಡಾಟ ತಪ್ಪುತ್ತದೆ. ತನ್ನ ದುಡ್ಡೂ ಹೋಗುತ್ತದೆಂದು ಗೊತ್ತಿರುವವನು ಹುಷಾರಾಗಿ ಓಡಿಸುತ್ತಾನೆ. ಆದರೆ ಬಾಡಿಗೆ ಕಾರಿನ ಎಕ್ಸೆಸ್ ಈ ಕಾರಣಗಳಿಗೆ ಬೇಕಾದುದಕ್ಕಿಂತ ಬಹಳ ಎತ್ತರಕ್ಕೆ ಹೋಗಿದೆ. ಯುರೋಪಿನಲ್ಲಿ ಸಾಧಾರಣ ಕಾರಿಗೆ 1,000ದಿಂದ 2,500 ಯೂರೋ, ಆಸ್ಟ್ರೇಲಿಯಾದಲ್ಲಿ 4,000 ಡಾಲರ್ ಮೀರುವುದೂ ಸಾಮಾನ್ಯ. ಅಂತರಜಾಲದ ಬೆಲೆ ಹೋಲಿಕೆ ತಾಣಗಳಲ್ಲಿ ದಿನದ ಬಾಡಿಗೆಯನ್ನು ಕಡಿಮೆ ತೋರಿಸುವ ಪೈಪೋಟಿ ಬಿದ್ದ ಮೇಲೆ, ಕಂಪನಿಗಳು ಲಾಭವನ್ನು ಬಾಡಿಗೆಯಿಂದ ಎತ್ತಿ ಕೌಂಟರಿನ ಸೇರ್ಪಡೆಗಳಿಗೆ ಸಾಗಿಸಿದವು. ಎಕ್ಸೆಸ್ ಎಷ್ಟು ದೊಡ್ಡದೋ ಅದನ್ನು ಇಳಿಸುವ ಸೌಲಭ್ಯವನ್ನು ಮಾರುವುದು ಅಷ್ಟು ಸುಲಭ. ಆ ಅಂಕಿಯನ್ನು ಅಪಾಯದ ಅಳತೆ ಎಂದು ಓದುವುದಕ್ಕಿಂತ ಮಾರಾಟದ ಸಾಧನ ಎಂದು ಓದುವುದು ಹೆಚ್ಚು ಸರಿ.

ಕೌಂಟರಿನಲ್ಲಿ

ವಿಮಾನ ಇಳಿದು, ಸಾಲಿನಲ್ಲಿ ನಿಂತು, ಮಕ್ಕಳ ಗಲಾಟೆ ಸಂಭಾಳಿಸುತ್ತ ಕೌಂಟರಿಗೆ ಬಂದ ಗ್ರಾಹಕನ ಮುಂದೆ ಮೂರು ಹಂತದ ಪಟ್ಟಿ ಬರುತ್ತದೆ. ಕೆಳಗಿನದು ಬುಕಿಂಗಿನಲ್ಲೇ ಇರುವ ಸಿ.ಡಿ.ಡಬ್ಲ್ಯು., ಪೂರ್ತಿ ಎಕ್ಸೆಸ್ ಸಹಿತ. ನಡುವಿನದು ಎಕ್ಸೆಸ್ಸನ್ನು ಅರ್ಧಕ್ಕಿಳಿಸುವಂಥದು. ಮೇಲಿನದು ಸೊನ್ನೆಗಿಳಿಸುವ ಸೂಪರ್ ಸಿ.ಡಿ.ಡಬ್ಲ್ಯು. ಇದಕ್ಕೆ ದಿನಕ್ಕೆ 10ರಿಂದ 30 ಯೂರೋ ಸಾಮಾನ್ಯ ದರ. ಬೇಸಿಗೆ ಮುಗಿದ ಮೇಲೆ ಸ್ಪೇನಿನ ಕಡಲತೀರದ ಊರುಗಳಲ್ಲಿ ಸಣ್ಣ ಕಾರಿನ ಬಾಡಿಗೆ ಇದಕ್ಕಿಂತ ಅಗ್ಗವಾಗುವುದುಂಟು. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಬೇರೆಡೆ ಪಾಲಿಸಿ ಕೊಂಡಿದ್ದೇನೆ ಎಂದು ಹೇಳಿದರೆ, ‘ಅದು ಇಲ್ಲಿ ನಡೆಯುವುದಿಲ್ಲ’ ಎಂಬ ಉತ್ತರ ಬರುವುದುಂಟು. ಒಂದರ್ಥದಲ್ಲಿ ಅದು ಸುಳ್ಳೂ ಅಲ್ಲ. ಆ ಪಾಲಿಸಿಗೂ ಬಾಡಿಗೆ ಕಂಪನಿಗೂ ಯಾವ ಕರಾರೂ ಇಲ್ಲ, ಕಂಪನಿ ತನ್ನ ದುಡ್ಡನ್ನು ಗ್ರಾಹಕನಿಂದಲೇ ಕೇಳುತ್ತದೆ. ಆದರೆ ಪಾಲಿಸಿ ಇರುವುದು ಗ್ರಾಹಕನಿಗೂ ಅವನ ವಿಮಾದಾರನಿಗೂ ನಡುವೆ. ಅದು ‘ನಡೆಯಲು’ ಕೌಂಟರಿನವರ ಒಪ್ಪಿಗೆ ಬೇಕಿಲ್ಲ. ಎಷ್ಟೋ ಕಡೆ ಸಿಬ್ಬಂದಿಗೆ ಸೇರ್ಪಡೆಗಳ ಮಾರಾಟದ ಮೇಲೆ ಕಮಿಷನ್ ಇರುತ್ತದೆ ಎಂಬುದನ್ನು ನೆನೆದರೆ ಆ ಉತ್ತರದ ಧಾಟಿ ಅರ್ಥವಾಗುತ್ತದೆ.

ಪ್ರತ್ಯೇಕ ಪಾಲಿಸಿ

ಸ್ವತಂತ್ರ ಎಕ್ಸೆಸ್ ವಿಮೆಯ ಮಾರುಕಟ್ಟೆ ಹೆಚ್ಚು ಬೆಳೆದದ್ದು ಬ್ರಿಟನ್ನಿನಲ್ಲಿ. ಮಾರ್ಟಿನ್ ಲೂಯಿಸ್ 2003ರಲ್ಲಿ ಆರಂಭಿಸಿದ ಮನಿ ಸೇವಿಂಗ್ ಎಕ್ಸ್‌ಪರ್ಟ್‌ನಂಥ ಗ್ರಾಹಕ ಸಲಹಾ ತಾಣಗಳು, ವಿಚ್ ಎಂಬ ಗ್ರಾಹಕ ಸಂಘಟನೆ ಇದನ್ನು ಮನೆಮಾತು ಮಾಡಿದವು. ಜರ್ಮನಿಯಲ್ಲಿ ಬುಕಿಂಗ್ ದಲ್ಲಾಳಿಗಳೇ ಬಾಡಿಗೆಯೊಂದಿಗೆ ‘ಎಕ್ಸೆಸ್ ಮರುಪಾವತಿ’ ಸೇರಿಸಿ ಮಾರುವ ರೂಢಿ ಬಲವಾಗಿದೆ. ಕೊಳ್ಳುವವರಲ್ಲಿ ಹಲವರಿಗೆ ತಾವು ಇಂಥದೊಂದನ್ನು ಕೊಂಡಿದ್ದೇವೆಂದೇ ಗೊತ್ತಿರುವುದಿಲ್ಲ.

ದಿನದ ಲೆಕ್ಕದಲ್ಲಿ ಕೊಂಡರೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ಪೌಂಡ್. ವರ್ಷದ ಪಾಲಿಸಿಗೆ ಯುರೋಪಿಗೆ ಮಾತ್ರವಾದರೆ ನಲವತ್ತು, ಐವತ್ತು ಪೌಂಡಿನ ಆಸುಪಾಸು. ಪ್ರಪಂಚದಾದ್ಯಂತ ಎಂದರೆ ಇನ್ನಷ್ಟು. ವರ್ಷಕ್ಕೆ ಎರಡು ಸಲ ವಾರಗಟ್ಟಲೆ ಕಾರು ಪಡೆಯುವವರಿಗೆ ವರ್ಷದ್ದೇ ಲಾಭ. ಆದರೆ ಒಂದೊಂದು ಬಾಡಿಗೆ 31 ದಿನಕ್ಕೋ 60 ದಿನಕ್ಕೋ ಮೀರಬಾರದು ಎಂಬ ಕಟ್ಟು ಅದರಲ್ಲಿ ಇರುತ್ತದೆ.

ಬೆಲೆಯಷ್ಟೇ ಇದರ ಗುಣವಲ್ಲ. ಸಿ.ಡಿ.ಡಬ್ಲ್ಯು. ಹೆಸರಿಗೆ ಇಡೀ ಕಾರಿನದಾದರೂ ಟೈರು, ಚಕ್ರದ ರಿಮ್ಮು, ಮುಂಗಾಜು, ಕಿಟಕಿ ಗಾಜು, ಕಾರಿನ ಛಾವಣಿ, ತಳಭಾಗ ಇವುಗಳನ್ನು ಹೊರಗಿಡುವುದು ವಾಡಿಕೆ. ಕೀ ಕಳೆದರೆ, ಪೆಟ್ರೋಲ್ ಕಾರಿಗೆ ಡೀಸೆಲ್ ತುಂಬಿಸಿದರೆ ಅದೂ ಸೇರದು. ಕಿರಿದಾದ ಬೀದಿಯ ಕಲ್ಲಿನ ಅಂಚಿಗೆ ರಿಮ್ಮು ಉಜ್ಜುವುದು, ಎದುರಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲಿಗೆ ಗಾಜು ಸೀಳುವುದು, ಇವೇ ನಿಜವಾಗಿ ಹೆಚ್ಚು ನಡೆಯುವ ಅವಘಡಗಳು. ಒಳ್ಳೆಯ ಪ್ರತ್ಯೇಕ ಪಾಲಿಸಿಗಳು ಇವನ್ನು ಹೆಸರಿಸಿ ಸೇರಿಸುತ್ತವೆ. ಕೌಂಟರಿನ ದುಬಾರಿ ಸೂಪರ್ ಸಿ.ಡಿ.ಡಬ್ಲ್ಯು. ಕೊಂಡವರಿಗೂ ಟೈರು, ಗಾಜಿಗೆಂದು ಮತ್ತೊಂದು ಸೇರ್ಪಡೆ ಬೇಕಾಗುವ ಸಂದರ್ಭವಿದೆ ಎಂಬುದನ್ನು ಮರೆಯಬಾರದು.

ನಡೆಯುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಮಾಲಗಾದಲ್ಲಿ ಒಬ್ಬರು ಏಳು ದಿನಕ್ಕೆ ಕಾರು ಪಡೆದರು, ಎಕ್ಸೆಸ್ 1,400 ಯೂರೋ ಎಂದಿಟ್ಟುಕೊಳ್ಳೋಣ. ಕೌಂಟರಿನ ಮನ್ನಾ ದಿನಕ್ಕೆ 20ರಂತೆ 140 ಯೂರೋ. ಅವರು ಅದನ್ನು ಬೇಡವೆಂದು, ಮನೆಯಲ್ಲೇ ದಿನಕ್ಕೆ 4 ಯೂರೋದಂತೆ 28ಕ್ಕೆ ಪಾಲಿಸಿ ಕೊಂಡು ಹೊರಟಿದ್ದಾರೆ. ವಾಪಸು ಕೊಡುವಾಗ ಬಲಗಡೆ ಹಿಂಚಕ್ರದ ರಿಮ್ಮಿನ ಅಂಚು ತರಚಿರುವುದು ಕಂಡಿತು. ಕಂಪನಿ ರಿಪೇರಿಗೆ 320, ಕಡತ ಶುಲ್ಕವೆಂದು 50, ಒಟ್ಟು 370 ಯೂರೋವನ್ನು ಅವರ ಕಾರ್ಡಿನಿಂದ ಎಳೆದುಕೊಳ್ಳುತ್ತದೆ. ಊರಿಗೆ ಮರಳಿ ಕಾಗದಗಳನ್ನು ವಿಮಾದಾರನಿಗೆ ಕಳಿಸಿದ ಮೇಲೆ, ಕಡತ ಶುಲ್ಕವನ್ನೂ ಪಾಲಿಸಿ ಒಳಗೊಂಡಿದ್ದರೆ, 370 ಪೂರ್ತಿ ಮರಳುತ್ತದೆ. ಮಧ್ಯೆ ಕೆಲವು ವಾರಗಳ ಕಾಲ ಆ ದುಡ್ಡು ಅವರದೇ. ಕಾರ್ಡಿನ ಬಿಲ್ಲು ಕಟ್ಟುವ ದಿನ ವಿಮಾದಾರನಿಗಾಗಿ ಕಾಯುವುದಿಲ್ಲ. 112 ಯೂರೋ ಉಳಿಸಿದ್ದಕ್ಕೆ ತೆತ್ತ ಬೆಲೆ ಇದು: ನಷ್ಟ ತಪ್ಪಿತು, ನಗದಿನ ಬಿಕ್ಕಟ್ಟು ತಪ್ಪಲಿಲ್ಲ.

ಡೆಪಾಸಿಟ್ಟಿನ ಗಂಟು

ಪ್ರತ್ಯೇಕ ಪಾಲಿಸಿ ಕೊಂಡವರು ಹೆಚ್ಚು ತತ್ತರಿಸುವುದು ಅಪಘಾತದಲ್ಲಲ್ಲ, ಕಾರಿನ ಕೀ ಪಡೆಯುವಾಗ. ಕೌಂಟರಿನ ಮನ್ನಾ ಬೇಡವೆಂದ ಗ್ರಾಹಕನ ಕಾರ್ಡಿನಲ್ಲಿ ಕಂಪನಿ ಎಕ್ಸೆಸ್‌ನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಮೊತ್ತವನ್ನು ಬ್ಲಾಕ್ ಮಾಡುತ್ತದೆ. ದುಡ್ಡು ಹೋಗುವುದಿಲ್ಲ, ಆದರೆ ಅಷ್ಟು ಮಿತಿ ಬಳಕೆಗೆ ಸಿಗುವುದಿಲ್ಲ. ಕಾರು ಮರಳಿಸಿದ ಮೇಲೂ ಬ್ಲಾಕ್ ಬಿಡಲು ಬ್ಯಾಂಕು ದಿನಗಳನ್ನು ತೆಗೆದುಕೊಳ್ಳಬಹುದು. ಕೌಂಟರಿನ ಮನ್ನಾ ಕೊಂಡರೆ ಈ ಮೊತ್ತ ಕೆಲವು ನೂರಕ್ಕೆ ಇಳಿಯುತ್ತದೆ. ಕಾರ್ಡಿನ ಮಿತಿ ಕಡಿಮೆ ಇದ್ದವರು ಕೊನೆಗೆ ಅದನ್ನು ಕೊಳ್ಳುವುದು ಈ ಒಂದೇ ಕಾರಣಕ್ಕೆ, ಮೊದಲೇ ಕೊಂಡ ಪಾಲಿಸಿ ಜೇಬಿನಲ್ಲಿ ಇದ್ದಂತೆಯೇ.

ಕಾರ್ಡು ಮುಖ್ಯ ಚಾಲಕನ ಹೆಸರಿನಲ್ಲೇ ಇರಬೇಕು; ಜೊತೆಗಿರುವ ಹೆಂಡತಿಯದೋ ಅಣ್ಣನದೋ ನಡೆಯುವುದಿಲ್ಲ. ಡೆಬಿಟ್ ಕಾರ್ಡನ್ನು ಬಹಳಷ್ಟು ಕಂಪನಿಗಳು ಒಪ್ಪುವುದಿಲ್ಲ, ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡನ್ನಂತೂ ಒಪ್ಪುವುದು ಅಪರೂಪ.

ಹೊರಗುಳಿಯುವ ಸಂಗತಿಗಳು

ಎಕ್ಸೆಸ್ ವಿಮೆ ಬೇರೊಂದರ ಮೇಲೆ ಕೂತಿರುವ ವಿಮೆ. ಕೆಳಗೆ ಸಿ.ಡಿ.ಡಬ್ಲ್ಯು. ಇದ್ದರೆ ಮಾತ್ರ ಎಕ್ಸೆಸ್ ಎಂಬುದೊಂದು ಇರುತ್ತದೆ. ಸಿ.ಡಿ.ಡಬ್ಲ್ಯು.ವನ್ನೇ ನಿರಾಕರಿಸಿ, ಪ್ರತ್ಯೇಕ ಪಾಲಿಸಿ ಇದೆಯಲ್ಲ ಎಂದು ಹೊರಟವರ ಕಾರು ನಜ್ಜುಗುಜ್ಜಾದರೆ ಇಡೀ ಕಾರಿನ ಬೆಲೆ ಅವರ ಮೇಲೆ. ಇಂಥವರಿಗಾಗಿ ಕಾರಿನ ಪೂರ್ತಿ ಬೆಲೆಯನ್ನೇ ಒಳಗೊಳ್ಳುವ ಇನ್ನೊಂದು ಬಗೆಯ ಪಾಲಿಸಿ ಇದೆ, ಅದರ ದರವೂ ಬೇರೆ.

ಹಾಗೆಯೇ ಸಿ.ಡಿ.ಡಬ್ಲ್ಯು. ಮುರಿಯುವ ಕೃತ್ಯದಿಂದ ಎಕ್ಸೆಸ್ ವಿಮೆಯೂ ಮುರಿಯುತ್ತದೆ. ಕುಡಿದು ಓಡಿಸಿದರೆ, ಕರಾರಿನಲ್ಲಿ ಹೆಸರಿಲ್ಲದವರ ಕೈಗೆ ಸ್ಟಿಯರಿಂಗ್ ಕೊಟ್ಟರೆ, ನಿಷೇಧಿಸಿದ ರಸ್ತೆಗೆ ಇಳಿಸಿದರೆ, ಅನುಮತಿಯಿಲ್ಲದೆ ಗಡಿ ದಾಟಿದರೆ ಎರಡೂ ಇಲ್ಲ. ಊಟಕ್ಕೆ ನಿಂತಲ್ಲಿಂದ ಹೋಟೆಲಿನವರೆಗೆ ಗೆಳೆಯನೊಬ್ಬ ಓಡಿಸಿದ ಹತ್ತು ನಿಮಿಷದಲ್ಲಿ ಆದ ನೆಗ್ಗಿಗೂ ಇದೇ ನ್ಯಾಯ. ಪಾಲಿಸಿಯನ್ನು ಕಾರು ಪಡೆಯುವ ಮೊದಲೇ ಕೊಂಡಿರಬೇಕು. ವಯಸ್ಸಿಗೆ ಮೇಲೂ ಕೆಳಗೂ ಮಿತಿ ಉಂಟು. ದುಬಾರಿ ಕಾರು, ವ್ಯಾನು, ಮಲಗುವ ವ್ಯವಸ್ಥೆಯ ಕ್ಯಾಂಪರು, ಒಂಬತ್ತಕ್ಕಿಂತ ಹೆಚ್ಚು ಸೀಟಿನ ವಾಹನ ಇವನ್ನು ಸಾಮಾನ್ಯವಾಗಿ ಬಿಡುತ್ತಾರೆ. ಕ್ಯಾಂಪರಿಗೆ ಬೇರೆ ಪಾಲಿಸಿ ಸಿಗುತ್ತದೆ.

ದಂಡಗಳು ಯಾವತ್ತೂ ಸೇರುವುದಿಲ್ಲ. ಫ್ಲಾರೆನ್ಸ್, ರೋಮ್‌ನಂಥ ಇಟಲಿಯ ಹಳೆ ಪೇಟೆಗಳಲ್ಲಿ ಹೊರಗಿನ ಕಾರು ನುಗ್ಗಬಾರದ ವಲಯಗಳಿವೆ, ಜ಼ಡ್.ಟಿ.ಎಲ್. ಎಂದು ಫಲಕ ಇರುತ್ತದೆ. ಅಲ್ಲಿನ ಕ್ಯಾಮರಾ ನಂಬರನ್ನು ಹಿಡಿದ ತಿಂಗಳುಗಳ ನಂತರ ದಂಡದ ಕಾಗದ ಮನೆಗೆ ಬರುತ್ತದೆ. ಅದಕ್ಕೂ ಮೊದಲು ಪೊಲೀಸರಿಗೆ ವಿಳಾಸ ಕೊಟ್ಟ ಶ್ರಮಕ್ಕೆಂದು ಬಾಡಿಗೆ ಕಂಪನಿ ತನ್ನದೊಂದು ಶುಲ್ಕ ಕಡಿದುಕೊಂಡಿರುತ್ತದೆ.

ದೇಶಕ್ಕೊಂದು ರೀತಿ

ಐಸ್‌ಲೆಂಡಿನಷ್ಟು ಬಗೆಬಗೆಯ ಮನ್ನಾಗಳನ್ನು ಮಾರುವ ದೇಶ ಬಹುಶಃ ಇನ್ನೊಂದಿಲ್ಲ. ಸಾದಾ ಸಿ.ಡಿ.ಡಬ್ಲ್ಯು., ಜಲ್ಲಿಕಲ್ಲು ಸಿಡಿತಕ್ಕೆ ಒಂದು, ಮರಳು ಮತ್ತು ಬೂದಿಗೆ ಇನ್ನೊಂದು. ದಕ್ಷಿಣ ತೀರದ ಬಯಲುಗಳಲ್ಲಿ ಗಾಳಿ ಎದ್ದರೆ ಕಪ್ಪು ಮರಳು ಕಾರಿನ ಬಣ್ಣವನ್ನು ಉಪ್ಪುಕಾಗದದಂತೆ ಉಜ್ಜಿ, ಗಾಜನ್ನು ಮಬ್ಬಾಗಿಸುತ್ತದೆ. 2010ರಲ್ಲಿ ಏಯಾಫ್ಯಾಟ್ಲಾಯೋಕುಟ್ಲ್ ಜ್ವಾಲಾಮುಖಿ ಸಿಡಿದ ಮೇಲೆ ಬೂದಿಯ ಹೆದರಿಕೆ ಕೌಂಟರುಗಳಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಅದಕ್ಕಿಂತ ಹೆಚ್ಚಾಗಿ ನಡೆಯುವುದು ಬಾಗಿಲಿನ ಅಪಘಾತ. ಜಲಪಾತದ ಬಳಿ ಕಾರು ನಿಲ್ಲಿಸಿ, ಗಾಳಿಗೆ ಬೆನ್ನು ಮಾಡಿಕೊಂಡು ಬಾಗಿಲು ತೆರೆದರೆ ಗಾಳಿ ಅದನ್ನು ಕೈಯಿಂದ ಕಿತ್ತು ಮುಂದಕ್ಕೆ ಮಡಚಿಬಿಡುತ್ತದೆ. ತಿರುಗಣಿ ಬಾಗುತ್ತದೆ, ಮುಂದಿನ ಫೆಂಡರು ನೆಗ್ಗುತ್ತದೆ, ಬಾಗಿಲು ಮತ್ತೆ ಮುಚ್ಚುವುದಿಲ್ಲ. ಇದು ಅಪಘಾತವಲ್ಲ, ಅಜಾಗ್ರತೆ ಎಂದು ಹಲವು ಕರಾರುಗಳು ಕೈತೊಳೆದುಕೊಳ್ಳುತ್ತವೆ. ಅಲ್ಲಿನವರು ಮೊದಲು ಗಾಳಿಗೆ ಮುಖಮಾಡಿ ಕಾರು ನಿಲ್ಲಿಸುತ್ತಾರೆ, ಎರಡೂ ಕೈಯಲ್ಲಿ ಬಾಗಿಲು ಹಿಡಿದು ತೆರೆಯುತ್ತಾರೆ.

ಅಲ್ಲಿಯ ಒಳನಾಡಿನ ಬೆಟ್ಟದ ದಾರಿಗಳಿಗೆ ಎಫ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆ. ನಾಲ್ಕು ಚಕ್ರ ಚಾಲನೆಯಿಲ್ಲದ ಬಾಡಿಗೆ ಕಾರನ್ನು ಅಲ್ಲಿಗೆ ಒಯ್ಯುವಂತಿಲ್ಲ. ಒಯ್ಯಬಹುದಾದ ಕಾರಿಗೂ ನದಿ ದಾಟುವಾಗ ನೀರು ನುಗ್ಗಿ ಎಂಜಿನ್ ಕೆಟ್ಟರೆ ರಕ್ಷಣೆ ಸಿಗುವುದಿಲ್ಲ. ಥೋರ್ಸ್‌ಮೋರ್ಕ್ ಕಣಿವೆಯ ದಾರಿಯ ಕ್ರೋಸಾವ್ ಹೊಳೆ ಇದಕ್ಕೆ ಕುಖ್ಯಾತ. ಪ್ರತ್ಯೇಕ ಪಾಲಿಸಿಗಳೂ ಇಲ್ಲಿ ಬಹುತೇಕ ಕೈ ಎತ್ತುತ್ತವೆ.

ಆಸ್ಟ್ರೇಲಿಯಾದಲ್ಲಿ ಕತ್ತಲಾದ ಮೇಲೆ ಕಾಂಗರೂಗಳು ರಸ್ತೆಗೆ ಬರುವ ಕಾರಣ ಕೆಲವು ಕಂಪನಿಗಳು ದೂರದ ಪ್ರದೇಶಗಳಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಓಡಿಸುವುದನ್ನೇ ನಿಷೇಧಿಸುತ್ತವೆ. ಟಾರಿಲ್ಲದ ರಸ್ತೆ, ಕಡಲಿನ ಉಪ್ಪುನೀರು ಹೊರಗೆ. ನ್ಯೂಜಿಲೆಂಡಿನಲ್ಲಿ ಕ್ವೀನ್ಸ್‌ಟೌನಿನ ಸ್ಕಿಪ್ಪರ್ಸ್ ರಸ್ತೆ, ಉತ್ತರದ ನೈಂಟಿ ಮೈಲ್ ಬೀಚ್ ಎಂದು ಹೆಸರು ಹೇಳಿಯೇ ಬಾಡಿಗೆ ಕರಾರುಗಳು ತಡೆಯುತ್ತವೆ. ಆ ದೇಶದ ವಿಶೇಷವೆಂದರೆ 1974ರಿಂದ ಅಪಘಾತದ ಗಾಯಗಳಿಗೆ ತಪ್ಪು ಯಾರದೆಂದು ಕೇಳದೆ ಸರ್ಕಾರಿ ಯೋಜನೆಯೇ ಪರಿಹಾರ ಕೊಡುತ್ತದೆ. ಇನ್ನೊಬ್ಬರ ವಾಹನಕ್ಕೆ ಆದ ಹಾನಿಗೆ ವಿಮೆ ಕಡ್ಡಾಯವೇ ಅಲ್ಲ.

ಅಮೆರಿಕದ ಲೆಕ್ಕ ತಲೆಕೆಳಗು. ಅಲ್ಲಿ ಎಲ್.ಡಿ.ಡಬ್ಲ್ಯು. ಕೊಂಡರೆ ಎಕ್ಸೆಸ್ ಬಹುತೇಕ ಸೊನ್ನೆ, ಕೊಳ್ಳದಿದ್ದರೆ ಇಡೀ ಕಾರಿನ ಹೊಣೆ. ಬ್ರಿಟನ್, ಜರ್ಮನಿಗಳಿಂದ ಬುಕ್ ಮಾಡುವ ಪ್ಯಾಕೇಜುಗಳಲ್ಲಿ ಅದು ಸೇರಿಯೇ ಬರುವುದರಿಂದ ಎಕ್ಸೆಸ್ ವಿಮೆ ಅಲ್ಲಿಗೆ ಅನವಶ್ಯಕ. ಅಲ್ಲಿನ ದೊಡ್ಡ ಅಪಾಯ ಥರ್ಡ್ ಪಾರ್ಟಿಯದು. ಕಾನೂನು ಕೇಳುವ ಕನಿಷ್ಠ ಮೊತ್ತ ಆಸ್ಪತ್ರೆಯ ಒಂದು ದಿನಕ್ಕೂ ಸಾಲದಷ್ಟು ಚಿಕ್ಕದಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಗಾಯಾಳುವಿಗೆ 15,000 ಡಾಲರ್ ಇದ್ದದ್ದು 30,000ಕ್ಕೆ ಏರಿದ್ದು 2025ರ ಜನವರಿಯಲ್ಲಿ. ಬಾಡಿಗೆದಾರನ ತಪ್ಪಿಗೆ ಬಾಡಿಗೆ ಕಂಪನಿಯನ್ನು ಹೊಣೆ ಮಾಡದಂತೆ 2005ರ ಗ್ರೇವ್ಸ್ ತಿದ್ದುಪಡಿ ತಡೆದಿರುವುದರಿಂದ, ಈ ಕನಿಷ್ಠವನ್ನು ಮೀರಿದ ಮೊತ್ತಕ್ಕೆ ಚಾಲಕನೇ ಗತಿ. ಎಕ್ಸೆಸ್ ವಿಮೆ ಇದಕ್ಕೆ ಒಂದು ಸೆಂಟೂ ಕೊಡುವುದಿಲ್ಲ. ಬೇಕಾದದ್ದು ಸಪ್ಲಿಮೆಂಟಲ್ ಲಯಬಿಲಿಟಿ ವಿಮೆ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೊಲೀಸ್ ವರದಿಯೇ ಸರ್ವಸ್ವ. ಪಾರ್ಕಿಂಗಿನಲ್ಲಿ ಆದ ಗೀರಿಗೂ ಪೊಲೀಸರ ಕಾಗದವಿಲ್ಲದೆ ಗ್ಯಾರೇಜಿನವರು ಕೈಹಚ್ಚುವುದಿಲ್ಲ. ಆ ಕಾಗದ ಇಲ್ಲದ ಗ್ರಾಹಕನಿಗೆ ವೇವರೂ ಇಲ್ಲ, ಎಕ್ಸೆಸ್ ವಿಮೆಗೆ ಆಧಾರವೂ ಇಲ್ಲ.

ಕ್ಲೇಮ್

ಕ್ಲೇಮಿನ ಗೆಲುವು ಸೋಲು ನಿರ್ಧಾರವಾಗುವುದು ಕಾರು ಪಡೆಯುವ ಮೊದಲ ಹತ್ತು ನಿಮಿಷದಲ್ಲಿ. ಕಾರಿನ ಸ್ಥಿತಿಯ ನಕ್ಷೆಯೊಂದನ್ನು ಕಂಪನಿ ಕೊಡುತ್ತದೆ, ಹಳೆಯ ಗೀರುಗಳಿಗೆ ಅದರಲ್ಲಿ ಗುರುತು. ನೆಲಮಾಳಿಗೆಯ ಮಬ್ಬು ಬೆಳಕಿನಲ್ಲಿ ನಿಂತ, ತೊಳೆದ ನೀರಿನ್ನೂ ಆರದ ಕಾರಿನ ಮೇಲೆ ಗೀರು ಕಾಣುವುದಿಲ್ಲ. ಬಿಸಿಲಿಗೆ ತಂದು, ಸುತ್ತ ವಿಡಿಯೋ ತೆಗೆದು, ನಾಲ್ಕೂ ರಿಮ್ಮು, ಮುಂಗಾಜು, ಛಾವಣಿ, ಬಂಪರಿನ ಕೆಳ ಅಂಚು, ಮೀಟರು, ಇಂಧನದ ಮುಳ್ಳು ಇವುಗಳ ಬಿಡಿ ಫೋಟೋ ಇಟ್ಟುಕೊಳ್ಳುವುದು ರೂಢಿಯಲ್ಲಿರುವ ಒಳ್ಳೆಯ ಉಪಾಯ. ನಕ್ಷೆಯಲ್ಲಿಲ್ಲದ ಗೀರು ಕಂಡರೆ ಅದನ್ನು ಸೇರಿಸಿ ಸಿಬ್ಬಂದಿಯ ಸಹಿ ಪಡೆಯದೆ ಆವರಣ ಬಿಡಬಾರದು. ಮರಳಿಸುವಾಗಲೂ ಇದೇ ಶ್ರಮ ಬೇಕು. ಕೀಯನ್ನು ಪೆಟ್ಟಿಗೆಗೆ ಹಾಕಿ ಮುಂಜಾನೆಯ ವಿಮಾನಕ್ಕೆ ಓಡುವವರು ಕಾರಿನ ಸ್ಥಿತಿಗೆ ಸಾಕ್ಷಿಯಿಲ್ಲದೆ ಹೋಗುತ್ತಾರೆ.

ವಿಮಾದಾರ ಕೇಳುವ ಕಾಗದಗಳು ಬಾಡಿಗೆ ಕರಾರು, ಪಡೆದಾಗಿನ ಮತ್ತು ಮರಳಿಸಿದಾಗಿನ ಸ್ಥಿತಿ ವರದಿ, ಹಾನಿಯ ಬಿಲ್ಲು, ಕಾರ್ಡಿನಿಂದ ಹಣ ಹೋದದ್ದಕ್ಕೆ ಪುರಾವೆ, ಚಾಲಕನ ಲೈಸೆನ್ಸ್. ಇನ್ನೊಬ್ಬರು ಸೇರಿದ್ದರೆ ಅಥವಾ ಕಳವಾಗಿದ್ದರೆ ಪೊಲೀಸ್ ವರದಿ. ಬಿಲ್ಲು ಪಡೆಯುವುದೇ ಕಷ್ಟದ ಕೆಲಸ. ಎಷ್ಟೋ ಕಂಪನಿಗಳು ರಿಪೇರಿ ಮಾಡಿಸುವ ಮೊದಲೇ ತಮ್ಮ ದರಪಟ್ಟಿಯ ಪ್ರಕಾರ ಹಣ ಕಡಿದುಕೊಂಡು ಮುಂದಿನ ಗ್ರಾಹಕನಿಗೆ ಕಾರು ಕೊಟ್ಟುಬಿಡುತ್ತವೆ. ಇಂಥಲ್ಲಿ ‘ವಿವರವಾದ ಹಾನಿ ಅಂದಾಜು’ ಎಂಬ ಕಾಗದವನ್ನಾದರೂ ಬರವಣಿಗೆಯಲ್ಲಿ ಕೇಳಿ ಪಡೆಯಬೇಕಾಗುತ್ತದೆ. ಕಾರು ಗ್ಯಾರೇಜಿನಲ್ಲಿದ್ದ ದಿನಗಳ ಬಾಡಿಗೆ ನಷ್ಟ, ಎಳೆದೊಯ್ದ ವೆಚ್ಚ, ಕಡತ ಶುಲ್ಕ ಇವು ಪಾಲಿಸಿಯಲ್ಲಿ ಸೇರಿವೆಯೇ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆ, ಅಗ್ಗದ ಪಾಲಿಸಿಯ ಬಣ್ಣ ಬಯಲಾಗುವುದೂ ಇಲ್ಲೇ.

ಕಾನೂನು ಮತ್ತು ಲಗಾಮು

ಮನ್ನಾ ಮಾರಾಟಕ್ಕೆ ಬಿಗಿ ಹಾಕುವ ಪ್ರಯತ್ನ ಅಮೆರಿಕದಲ್ಲಿ ಮೊದಲಾಯಿತು. ನ್ಯೂಯಾರ್ಕ್ ರಾಜ್ಯ 1989ರಲ್ಲಿ ಸಿ.ಡಿ.ಡಬ್ಲ್ಯು. ಮಾರಾಟವನ್ನೇ ನಿಲ್ಲಿಸಿ, ಬಾಡಿಗೆದಾರನ ಹೊಣೆಯನ್ನು 100 ಡಾಲರಿಗೆ ಇಳಿಸಿತು. ಕಂಪನಿಗಳು ಬಾಡಿಗೆ ಏರಿಸಿಯೋ ಗೊಣಗಿಯೋ ದಿನ ದೂಡಿದವು. 2003ರಲ್ಲಿ ದರಕ್ಕೆ ಮಿತಿ ಹಾಕಿ ಮಾರಾಟಕ್ಕೆ ಮತ್ತೆ ಬಾಗಿಲು ತೆರೆಯಲಾಯಿತು.

ಐರೋಪ್ಯ ಒಕ್ಕೂಟದಲ್ಲಿ ಕರಾರಿನ ಅನ್ಯಾಯದ ಷರತ್ತುಗಳ ವಿರುದ್ಧ 1993ರ ನಿರ್ದೇಶನವಿದೆ. ಐರೋಪ್ಯ ಆಯೋಗ ಮತ್ತು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ ಒತ್ತಡದಿಂದ 2015ರಲ್ಲಿ ಏವಿಸ್, ಎಂಟರ್‌ಪ್ರೈಸ್, ಯುರೋಪ್‌ಕಾರ್, ಹರ್ಟ್ಸ್, ಸಿಕ್ಸ್ಟ್ ಈ ಐದೂ ಕಂಪನಿಗಳು ಐಚ್ಛಿಕ ಮನ್ನಾಗಳ ವಿವರವನ್ನು ಬುಕಿಂಗಿನಲ್ಲೇ ಸ್ಪಷ್ಟಪಡಿಸುವುದಾಗಿಯೂ, ಹಾನಿಯ ಹಣ ಕಡಿಯುವ ಮೊದಲು ಗ್ರಾಹಕನಿಗೆ ಪ್ರಶ್ನಿಸುವ ಅವಕಾಶ ಕೊಡುವುದಾಗಿಯೂ ಒಪ್ಪಿದವು. ಐದು ಕಂಪನಿಗಳ ಹೊರಗಿನ ಸ್ಥಳೀಯ ಅಗ್ಗದ ಕಂಪನಿಗಳಿಗೆ ಈ ಒಪ್ಪಂದ ತಟ್ಟಲಿಲ್ಲ, ಹೆಚ್ಚು ಜಗಳ ಏಳುವುದೂ ಅವುಗಳೊಂದಿಗೇ.

ಎಕ್ಸೆಸ್ ವಿಮೆ ನಿಜವಾದ ವಿಮೆಯಾದ್ದರಿಂದ ಅದಕ್ಕೆ ವಿಮಾ ನಿಯಂತ್ರಕರ ಕಾವಲಿದೆ. ಬ್ರಿಟನ್ನಿನಲ್ಲಿ ಅದನ್ನು ಮಾರುವವರಿಗೆ ಹಣಕಾಸು ನಡವಳಿಕೆ ಪ್ರಾಧಿಕಾರದ ಅನುಮತಿ ಬೇಕು, ಕ್ಲೇಮು ತಿರಸ್ಕೃತವಾದರೆ ಹಣಕಾಸು ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕೌಂಟರಿನ ಮನ್ನಾಕ್ಕೆ ಈ ದಾರಿಯಿಲ್ಲ, ಅದು ಬರಿಯ ಕರಾರಿನ ತಕರಾರು. ಬ್ರಿಟನ್ ಒಕ್ಕೂಟ ಬಿಟ್ಟು 2020ರ ಕೊನೆಗೆ ಸಂಕ್ರಮಣ ಅವಧಿ ಮುಗಿದ ಮೇಲೆ, ಅಲ್ಲಿನ ವಿಮಾದಾರರು ಒಂದೇ ಪರವಾನಗಿಯಲ್ಲಿ ಯುರೋಪಿನ ನಿವಾಸಿಗಳಿಗೆ ಮಾರುವ ಹಕ್ಕು ಹೋಯಿತು.

ಭಾರತದಿಂದ ಹೋಗುವವರು

ಭಾರತದಲ್ಲಿ ಖಾಸಗಿ ಕಾರಿನ ಪಾಲಿಸಿಯ ಕಡ್ಡಾಯ ಡಿಡಕ್ಟಿಬಲ್ 1,500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ಮೇಲಿನದಕ್ಕೆ 2,000. ಈ ಅಂಕಿಗೆ ಒಗ್ಗಿದವರಿಗೆ ಲಕ್ಷ ರೂಪಾಯಿ ದಾಟುವ 1,500 ಯೂರೋದ ಎಕ್ಸೆಸ್ ಮೊದಲ ನೋಟಕ್ಕೆ ಅಚ್ಚಿನ ತಪ್ಪಿನಂತೆ ಕಂಡರೆ ಆಶ್ಚರ್ಯವಿಲ್ಲ.

ಬ್ರಿಟನ್, ಯುರೋಪಿನ ಎಕ್ಸೆಸ್ ಪಾಲಿಸಿಗಳಲ್ಲಿ ಹಲವು ಆಯಾ ದೇಶದ ನಿವಾಸಿಗಳಿಗೆ ಮಾತ್ರ. ವಿಳಾಸದ ಜಾಗದಲ್ಲಿ ಮೈಸೂರೆಂದು ಬರೆದು ಕೊಳ್ಳಲಾಗದು. ನೆಂಟರ ಲಂಡನ್ ವಿಳಾಸ ಕೊಟ್ಟು ಕೊಂಡರೆ ಕ್ಲೇಮಿನ ದಿನ ಅದೇ ನಿರಾಕರಣೆಗೆ ಕಾರಣ. ಭಾರತೀಯ ಕಂಪನಿಗಳ ಕೆಲವು ವಿದೇಶ ಪ್ರವಾಸ ಪಾಲಿಸಿಗಳಲ್ಲಿ ಬಾಡಿಗೆ ಕಾರಿನ ಎಕ್ಸೆಸ್ ಒಂದು ಸೌಲಭ್ಯವಾಗಿ ಸೇರಿರುತ್ತದೆ. ಅದರ ಗರಿಷ್ಠ ಮೊತ್ತ ಕರಾರಿನ ಎಕ್ಸೆಸ್‌ಗೆ ಸಾಲುತ್ತದೆಯೇ ಎಂದು ತಾಳೆ ನೋಡಬೇಕು. ಭಾರತೀಯ ಪಾಲಿಸಿಯಾದರೆ ತಕರಾರಿಗೆ ಕರ್ನಾಟಕದವರು ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು ಎಂಬುದು ಸಣ್ಣ ಅನುಕೂಲವಲ್ಲ.

ಲೈಸೆನ್ಸಿನ ವಿಚಾರ ಇದಕ್ಕೆ ಹೆಣೆದುಕೊಂಡಿದೆ, ಏಕೆಂದರೆ ಸ್ಥಳೀಯ ಕಾನೂನು ಒಪ್ಪದ ಲೈಸೆನ್ಸಿನಲ್ಲಿ ಓಡಿಸಿದರೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಭಾರತ 1949ರ ಜಿನೀವಾ ಒಪ್ಪಂದದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಕೊಡುತ್ತದೆ. ಆರ್‌ಟಿಒ ಕಚೇರಿಗೆ 4ಎ ನಮೂನೆಯಲ್ಲಿ ಅರ್ಜಿ, ಒಂದು ವರ್ಷದ ಆಯುಷ್ಯ. ಜಪಾನಿನಂಥ ದೇಶ ಈ 1949ರ ನಮೂನೆಯನ್ನೇ ಕೇಳುವುದರಿಂದ ಅಲ್ಲಿ ಭಾರತೀಯರಿಗೆ ಅಡ್ಡಿಯಿಲ್ಲ. ಕಾರ್ಡಿನ ಕಡೆಗೆ, ರಿಸರ್ವ್ ಬ್ಯಾಂಕಿನ 2020ರ ಸೂಚನೆಯ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದು ಬರುತ್ತವೆ. ಅಂತಾರಾಷ್ಟ್ರೀಯ ವಹಿವಾಟನ್ನು ಊರಿನಲ್ಲೇ ಚಾಲೂ ಮಾಡಿ ಮಿತಿ ಏರಿಸದೆ ಹೋದವರಿಗೆ ಡೆಪಾಸಿಟ್ ಹಂತದಲ್ಲೇ ಕಾರು ತಪ್ಪುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಸ್ವಂತ ಕಾರಿನ ಪಾಲಿಸಿ ಆ ದೇಶದ ಮತ್ತು ಕೆನಡಾದ ಬಾಡಿಗೆ ಕಾರಿಗೂ ಸಾಮಾನ್ಯವಾಗಿ ವಿಸ್ತರಿಸುತ್ತದೆ, ಯುರೋಪಿಗೆ ಇಲ್ಲ. ಅಲ್ಲಿನ ಕೆಲವು ಕ್ರೆಡಿಟ್ ಕಾರ್ಡುಗಳು ಬಾಡಿಗೆ ಕಾರಿನ ಹಾನಿಯನ್ನು ಉಚಿತವಾಗಿ ಹೊರುತ್ತವೆಯಾದರೂ ಐರ್ಲೆಂಡ್, ಇಟಲಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳನ್ನು ಹೊರಗಿಡುವ ಕಾರ್ಡುಗಳಿವೆ, ಕಾರ್ಡಿನ ಷರತ್ತುಪತ್ರ ನೋಡಬೇಕು. ಬ್ರಿಟನ್ನಿನ ನಿವಾಸಿಗಳು ವರ್ಷದ ಜಾಗತಿಕ ಪಾಲಿಸಿ ಹಿಡಿದು ರಜೆಗೆ ಊರಿಗೆ ಬಂದು ಸೆಲ್ಫ್ ಡ್ರೈವ್ ಕಾರು ಪಡೆದಾಗ, ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ, ಪರವಾನಗಿಯುಳ್ಳ ಬಾಡಿಗೆ ಕಂಪನಿಯ ಕಾರಿಗೆ ಪಾಲಿಸಿ ಅನ್ವಯಿಸಬಹುದು. ಆದರೆ ಖಾಸಗಿ ಮಾಲೀಕರ ಕಾರನ್ನು ಆ್ಯಪ್ ಮೂಲಕ ಪಡೆದರೆ ಬಹುತೇಕ ಪಾಲಿಸಿಗಳು ಅದನ್ನು ಬಾಡಿಗೆ ಕಾರೆಂದು ಎಣಿಸುವುದೇ ಇಲ್ಲ.